ಸರ್ಕಾರದ ಸಹಿಯ ಬೆಲೆ: ಬ್ರಿಟಿಷ್ ಕೊಲಂಬಿಯಾದ ಶಿಕ್ಷಕರ ದೀರ್ಘ ಹೋರಾಟ

ಶಿಕ್ಷಕರಿಗೂ ಸರ್ಕಾರಕ್ಕೂ ನಡುವಿನ ಸಂಬಳದ ವಿವಾದ ಕಾರ್ಖಾನೆಯ ವಿವಾದದಂಥದ್ದಲ್ಲ. ಕಾರ್ಖಾನೆಯಲ್ಲಿ ಮಾಲೀಕರು ಒಂದು ಕಡೆ, ಕಾರ್ಮಿಕರು ಇನ್ನೊಂದು ಕಡೆ ಕೂರುತ್ತಾರೆ. ಕಾನೂನು ಇಬ್ಬರಿಗೂ ಹೊರಗಿನದು. ಶಿಕ್ಷಕರ ಎದುರಿಗೆ ಕೂರುವ ಮಾಲೀಕನ ಬೆನ್ನಿಗೆ ಶಾಸನಸಭೆಯ ಬಹುಮತವೂ ಇರುತ್ತದೆ. ಮಾತುಕತೆಯಲ್ಲಿ ಸಿಗದೆ ಹೋದದ್ದನ್ನು ಅವನು ಮಸೂದೆಯ ಮೂಲಕ ಪಡೆಯಬಲ್ಲ. ತಾನೇ ಸಹಿ ಹಾಕಿದ ಕರಾರನ್ನು ತಾನೇ ರದ್ದು ಮಾಡಬಲ್ಲ. ಹಾಗಾದರೆ ಆ ಸಹಿಗೆ ಇರುವ ಬೆಲೆ ಎಷ್ಟು? ಕೆನಡಾದ ಪಶ್ಚಿಮ ಕರಾವಳಿಯ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಈ ಪ್ರಶ್ನೆ 2002ರ ಜನವರಿಯಲ್ಲಿ ಎದ್ದು, 2016ರ ನವೆಂಬರ್‌ನಲ್ಲಿ ಕೆನಡಾದ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನ ಕಂಡಿತು.

ಕೆನಡಾದಲ್ಲಿ ಶಾಲಾ ಶಿಕ್ಷಣ ಪ್ರಾಂತ್ಯಗಳ ಹೊಣೆ. ಶಾಲೆಗಳನ್ನು ನಡೆಸುವುದು ಚುನಾಯಿತ ಶಾಲಾ ಮಂಡಳಿಗಳಾದರೂ ಹಣ ಬರುವುದು ಬಹುಪಾಲು ಪ್ರಾಂತ್ಯದ ಬೊಕ್ಕಸದಿಂದ. ಬ್ರಿಟಿಷ್ ಕೊಲಂಬಿಯಾದ ಸರ್ಕಾರಿ ಶಾಲೆಗಳಲ್ಲಿ ಐದು ಲಕ್ಷಕ್ಕೂ ಹೆಚ್ಚು ಮಕ್ಕಳು ಕಲಿಯುತ್ತಾರೆ; ಅಲ್ಲಿನ ಸುಮಾರು 50,000 ಶಿಕ್ಷಕರನ್ನು ಬ್ರಿಟಿಷ್ ಕೊಲಂಬಿಯಾ ಶಿಕ್ಷಕರ ಫೆಡರೇಶನ್ ಪ್ರತಿನಿಧಿಸುತ್ತದೆ. ಈ ಸಂಘಟನೆ ಹುಟ್ಟಿದ್ದು ಮೊದಲನೆಯ ಮಹಾಯುದ್ಧದ ಕಾಲದಲ್ಲಿ. 1919ರ ಫೆಬ್ರವರಿಯಲ್ಲಿ ರಾಜಧಾನಿ ವಿಕ್ಟೋರಿಯಾದ ಶಿಕ್ಷಕರು ಸಂಬಳಕ್ಕಾಗಿ ಎರಡು ದಿನ ಪಾಠ ನಿಲ್ಲಿಸಿದ್ದರು. ಆದರೂ ಮುಷ್ಕರದ ಹಕ್ಕಿನ ಸಮೇತ ಪೂರ್ಣ ಪ್ರಮಾಣದ ಸಾಮೂಹಿಕ ಚೌಕಾಸಿಯ ಹಕ್ಕು ಕಾನೂನಿನಲ್ಲಿ ಸಿಕ್ಕಿದ್ದು 1987ರಲ್ಲಿ. ಅದನ್ನು ಕೊಟ್ಟದ್ದು ಬಲಪಂಥೀಯ ಸೋಷಿಯಲ್ ಕ್ರೆಡಿಟ್ ಸರ್ಕಾರ, ಅದೂ ಫೆಡರೇಶನ್‌ನ ಸದಸ್ಯತ್ವ ಕಡ್ಡಾಯವೆಂಬ ನಿಯಮವನ್ನು ತೆಗೆದುಹಾಕುತ್ತ. ಸಂಘಟನೆ ಒಡೆಯುತ್ತದೆಂಬ ಎಣಿಕೆ ಇದ್ದಿದ್ದರೆ ಅದು ಸುಳ್ಳಾಯಿತು: ಪ್ರಾಂತ್ಯದುದ್ದಕ್ಕೂ ಶಿಕ್ಷಕರು ಯೂನಿಯನ್ನಿನ ಪರವಾಗಿ ಮತ ಹಾಕಿದರು.

ಮುಂದಿನ ಕೆಲವು ವರ್ಷ ಚೌಕಾಸಿ ಒಂದೊಂದು ಜಿಲ್ಲೆಯ ಶಾಲಾ ಮಂಡಳಿಯ ಜೊತೆ ನಡೆಯಿತು, ಕೆಲವೆಡೆ ಮುಷ್ಕರವೂ ಆಯಿತು. ಶಿಕ್ಷಕರು ಮೇಜಿನ ಮೇಲಿಟ್ಟದ್ದು ಸಂಬಳದ ಬೇಡಿಕೆಯನ್ನು ಮಾತ್ರವಲ್ಲ. ಒಂದು ತರಗತಿಯಲ್ಲಿ ಎಷ್ಟು ಮಕ್ಕಳಿರಬೇಕು, ಅವರಲ್ಲಿ ವಿಶೇಷ ನೆರವು ಬೇಕಾದವರು ಎಷ್ಟು ಜನ ಇರಬಹುದು, ಎಷ್ಟು ಮಕ್ಕಳಿಗೆ ಒಬ್ಬ ಗ್ರಂಥಪಾಲಕ ಶಿಕ್ಷಕ, ಒಬ್ಬ ಆಪ್ತಸಮಾಲೋಚಕ, ಒಬ್ಬ ವಿಶೇಷ ಶಿಕ್ಷಕ ಇರಬೇಕು ಎಂಬುದೆಲ್ಲ ಕರಾರಿನ ಕಲಮುಗಳಾದವು. ತರಗತಿಯ ಗಾತ್ರ ಮತ್ತು ಸಂಯೋಜನೆ ಎಂಬ ಈ ಎರಡು ಮಾತುಗಳೇ ಮುಂದಿನ ಇಡೀ ಜಗಳದ ತಿರುಳು.

1994ರಲ್ಲಿ ಅಂದಿನ ನ್ಯೂ ಡೆಮಾಕ್ರಟಿಕ್ ಪಕ್ಷದ ಸರ್ಕಾರ ಚೌಕಾಸಿಯನ್ನು ಪ್ರಾಂತ್ಯದ ಮಟ್ಟಕ್ಕೆ ಏರಿಸಿತು. ಶಾಲಾ ಮಂಡಳಿಗಳೆಲ್ಲದರ ಪರವಾಗಿ ಮಾತಾಡಲು ಒಂದೇ ಮಾಲೀಕ ಸಂಸ್ಥೆ ಹುಟ್ಟಿಕೊಂಡಿತು. 1998ರಲ್ಲಿ ಆದ ಒಪ್ಪಂದವನ್ನು ಇಲ್ಲಿ ಗಮನವಿಟ್ಟು ನೋಡಬೇಕು. ಮೂರು ವರ್ಷಗಳ ಆ ಒಪ್ಪಂದದಲ್ಲಿ ಸಂಬಳದ ಏರಿಕೆ ಮೊದಲ ವರ್ಷ ಸೊನ್ನೆ, ಎರಡನೆಯ ವರ್ಷ ಸೊನ್ನೆ, ಮೂರನೆಯ ವರ್ಷ ಶೇ. 2. ಅದಕ್ಕೆ ಬದಲಾಗಿ ಶಿಶುವಿಹಾರದಿಂದ ಮೂರನೆಯ ತರಗತಿಯವರೆಗೆ ಮಕ್ಕಳ ಸಂಖ್ಯೆಗೆ ಮಿತಿ, ತಜ್ಞ ಶಿಕ್ಷಕರ ನೇಮಕಕ್ಕೆ ಪ್ರಾಂತ್ಯದುದ್ದಕ್ಕೂ ಒಂದು ಅನುಪಾತ. ಶಿಕ್ಷಕರು ತಮ್ಮ ಜೇಬಿಗೆ ಬರಬೇಕಾದ ಹಣವನ್ನು ಬಿಟ್ಟು ತರಗತಿಯ ಸ್ಥಿತಿಯನ್ನು ಕೊಂಡುಕೊಂಡಿದ್ದರು. ಶಿಕ್ಷಕರ ಸಂಘಗಳಿಗೆ ಸಂಬಳದ ಚಿಂತೆ ಬಿಟ್ಟರೆ ಬೇರೇನಿಲ್ಲ ಎನ್ನುವವರು ಈ ಒಂದು ವ್ಯವಹಾರವನ್ನು ಮತ್ತೆ ಓದಬೇಕು.

ಒಂದು ಸಂಗತಿಯನ್ನು ಮುಚ್ಚಿಡಬಾರದು. ಈ ಒಪ್ಪಂದಕ್ಕೆ ಶಾಲಾ ಮಂಡಳಿಗಳು ಒಪ್ಪಲಿಲ್ಲ. ಸರ್ಕಾರವೇ ಕಾನೂನು ತಂದು ಅದನ್ನು ಜಾರಿ ಮಾಡಿತು. ಮಾತುಕತೆಯ ಮೇಲೆ ಮಸೂದೆಯ ಪ್ರಯೋಗ ಆಗಲೇ ಆಗಿತ್ತು, ಮತ್ತು ಅದು ಶಿಕ್ಷಕರ ಪರವಾಗಿ ಆಗಿತ್ತು. ಆಗ ಆ ಬಗ್ಗೆ ಸಂಘ ಗದ್ದಲ ಮಾಡದೆ ಇದ್ದದ್ದು ಅದರ ವಾದದಲ್ಲಿ ಉಳಿದುಹೋದ ಒಂದು ಬಿರುಕು. ಆದರೆ ಎರಡು ಪ್ರಸಂಗಗಳೂ ಸರಿಸಮವೆನ್ನಲಾಗದು. ಮಾಲೀಕರ ಕಡೆಯ ಒಳಜಗಳವನ್ನು ಕಾನೂನಿನಿಂದ ಬಗೆಹರಿಸುವುದು ಬೇರೆ, ಎದುರಿನವನಿಂದ ಪೂರ್ತಿ ಬೆಲೆ ಪಡೆದ ಮೇಲೆ ಮಾರಿದ್ದನ್ನು ಕಾನೂನಿನಿಂದ ಹಿಂದಕ್ಕೆ ಕಿತ್ತುಕೊಳ್ಳುವುದು ಬೇರೆ.

2001ರ ಚುನಾವಣೆಯಲ್ಲಿ ಬ್ರಿಟಿಷ್ ಕೊಲಂಬಿಯಾ ಲಿಬರಲ್ ಪಕ್ಷ 79 ಸ್ಥಾನಗಳಲ್ಲಿ 77ನ್ನು ಗೆದ್ದಿತು. ಗಾರ್ಡನ್ ಕ್ಯಾಂಬೆಲ್ ಪ್ರಾಂತ್ಯ ಸರ್ಕಾರದ ಮುಖ್ಯಸ್ಥರಾದರು, ಕ್ರಿಸ್ಟಿ ಕ್ಲಾರ್ಕ್ ಶಿಕ್ಷಣ ಸಚಿವೆಯಾದರು. ಅದೇ ವರ್ಷ ಶಿಕ್ಷಣವನ್ನು ಅಗತ್ಯ ಸೇವೆಯೆಂದು ಸಾರಿ ಮುಷ್ಕರಕ್ಕೆ ಕಡಿವಾಣ ಹಾಕಲಾಯಿತು. 2002ರ ಜನವರಿಯ ಕೊನೆಯ ವಾರಾಂತ್ಯದಲ್ಲಿ ಶಾಸನಸಭೆ ಸೇರಿ 27 ಮತ್ತು 28ನೆಯ ಮಸೂದೆಗಳನ್ನು ತರಾತುರಿಯಲ್ಲಿ ಅಂಗೀಕರಿಸಿತು. ಮೊದಲನೆಯದು ಶಿಕ್ಷಕರ ಮೇಲೆ ವರ್ಷಕ್ಕೆ ಶೇ. 2.5ರಂತೆ ಮೂರು ವರ್ಷದ ಸಂಬಳದ ಕರಾರನ್ನು ಹೇರಿತು. ಎರಡನೆಯದು ತರಗತಿಯ ಗಾತ್ರ, ಸಂಯೋಜನೆ, ತಜ್ಞ ಶಿಕ್ಷಕರ ಅನುಪಾತ ಇವುಗಳ ಮೇಲಿದ್ದ ನೂರಾರು ಕಲಮುಗಳನ್ನು ಅಳಿಸಿಹಾಕಿತು. ಅಷ್ಟಕ್ಕೇ ನಿಲ್ಲದೆ ಇನ್ನು ಮುಂದೆ ಈ ವಿಷಯಗಳನ್ನು ಮಾತುಕತೆಗೆ ತರುವುದನ್ನೇ ನಿಷೇಧಿಸಿತು. ಮುಷ್ಕರ ಮಾಡಿ ಸೋತಿದ್ದರೆ ಶಿಕ್ಷಕರು ಮತ್ತೊಮ್ಮೆ ಮೇಜಿಗೆ ಬರಬಹುದಿತ್ತು. ಇಲ್ಲಿ ಮೇಜನ್ನೇ ತೆಗೆದು ಆಚೆ ಇಡಲಾಗಿತ್ತು.

ಸರ್ಕಾರದ ವಾದದಲ್ಲಿ ತಿರುಳಿರಲಿಲ್ಲ ಎಂದಲ್ಲ. ಮತದಾರರು ಆರಿಸಿ ಕಳಿಸಿದ ಸರ್ಕಾರ ಬಜೆಟ್ಟಿಗೆ ಹೊಣೆ. ಶಿಕ್ಷಣ ಹೇಗಿರಬೇಕೆಂಬುದು ಸಾರ್ವಜನಿಕ ನೀತಿಯ ಪ್ರಶ್ನೆ. ಅದನ್ನು ಒಂದು ಸಂಘದ ಜೊತೆ ಮುಚ್ಚಿದ ಕೋಣೆಯಲ್ಲಿ ತೀರ್ಮಾನಿಸಿದರೆ ಪೋಷಕರಿಗೂ ಮತದಾರರಿಗೂ ಅಲ್ಲಿ ಜಾಗ ಎಲ್ಲಿದೆ? ಕಟ್ಟುನಿಟ್ಟಿನ ಮಿತಿಗಳಿಂದ ಎಡವಟ್ಟೂ ಆಗುತ್ತದೆ. ವರ್ಷದ ನಡುವೆ ಒಂದು ಮಗು ಹೆಚ್ಚಾಗಿ ಬಂದರೆ ತರಗತಿಯನ್ನು ಒಡೆಯಬೇಕೆ, ಆ ಮಗುವನ್ನು ದೂರದ ಶಾಲೆಗೆ ಕಳಿಸಬೇಕೆ? ವಿಶೇಷ ನೆರವು ಬೇಕಾದ ಮಕ್ಕಳನ್ನು ಎಣಿಸಿ ಮಿತಿ ಹಾಕುವುದು ಆ ಮಕ್ಕಳನ್ನು ಹೊರೆಯೆಂದು ಗುರುತಿಸಿದಂತೆ ಆಗುವುದಿಲ್ಲವೆ? ಕೊನೆಯ ಪ್ರಶ್ನೆ ನಿಜವಾಗಿಯೂ ನೋಯುವಂಥದ್ದು, ಸಂಘದ ಒಳಗೂ ಅದಕ್ಕೆ ಸುಲಭದ ಉತ್ತರವಿಲ್ಲ.

ಇವೆಲ್ಲ ಕಲಮನ್ನು ತಿದ್ದಲು ಸಾಕಾಗುವ ಕಾರಣಗಳು, ಮಾತನ್ನೇ ನಿಲ್ಲಿಸಲು ಸಾಲವು. ಕಲಮು ಬಿಗಿಯಾಗಿದ್ದರೆ ಅದನ್ನು ಸಡಿಲಿಸಲು ಇನ್ನೊಂದು ಬೆಲೆ ಕೊಡಬೇಕಿತ್ತು. 1998ರಲ್ಲಿ ಶಿಕ್ಷಕರು ಬಿಟ್ಟುಕೊಟ್ಟ ಸಂಬಳವನ್ನು ಸರ್ಕಾರ ಹಿಂದಿರುಗಿಸಲಿಲ್ಲ. ಜಮೀನಿನ ಹಣವನ್ನು ಎಣಿಸಿಕೊಂಡು, ಕ್ರಯಪತ್ರವನ್ನು ಹರಿದುಹಾಕಿ, ಇನ್ನು ಮುಂದೆ ಜಮೀನಿನ ಮಾತೆತ್ತಬಾರದು ಎಂದಂತಾಯಿತು. ಎರಡನೆಯದಾಗಿ, ಹೇರಿದ ಸಂಬಳದ ಏರಿಕೆಗೆ ಬೇಕಾದ ಪೂರ್ತಿ ಹಣವನ್ನು ಶಾಲಾ ಮಂಡಳಿಗಳಿಗೆ ಕೊಡಲಿಲ್ಲ. ಮಿತಿಗಳು ಹೋದದ್ದರಿಂದ ಮಂಡಳಿಗಳು ತರಗತಿಗಳನ್ನು ಹಿಗ್ಗಿಸಿ, ಹುದ್ದೆಗಳನ್ನು ಕಡಿದು, ಕೆಲವು ಶಾಲೆಗಳನ್ನು ಮುಚ್ಚಿ ಲೆಕ್ಕ ಸರಿದೂಗಿಸಿಕೊಂಡವು. ಗ್ರಂಥಪಾಲಕರು ಮತ್ತು ವಿಶೇಷ ಶಿಕ್ಷಕರು ಮೊದಲು ಹೋದರು. ಮಕ್ಕಳನ್ನು ಹೊರೆಯೆಂದು ಎಣಿಸಬಾರದೆಂಬ ಮಾತಿಗೆ ಅರ್ಥ ಬರಬೇಕಾದರೆ ಅವರ ಪಕ್ಕದಲ್ಲಿ ಕೂರುವ ಶಿಕ್ಷಕಿ ಉಳಿದಿರಬೇಕು.

2005ರ ಅಕ್ಟೋಬರ್‌ನಲ್ಲಿ ಸರ್ಕಾರ ಮತ್ತೆ ಒಂದು ಮಸೂದೆ ತಂದು ಹಳೆಯ ಕರಾರನ್ನೇ ಸಂಬಳದ ಏರಿಕೆಯಿಲ್ಲದೆ ಮುಂದುವರಿಸಿತು. ಶಿಕ್ಷಕರು ಕಾನೂನನ್ನು ಮೀರಿ ಬೀದಿಗಿಳಿದರು. ಆಗ ಫೆಡರೇಶನ್‌ನ ಅಧ್ಯಕ್ಷೆಯಾಗಿದ್ದವರು ಪಂಜಾಬಿನಲ್ಲಿ ಹುಟ್ಟಿದ ಜಿನ್ನಿ ಸಿಮ್ಸ್. ಮುಂದೆ ಅವರು ಕೆನಡಾದ ಸಂಸತ್ತಿಗೂ ಪ್ರಾಂತ್ಯದ ಶಾಸನಸಭೆಗೂ ಆಯ್ಕೆಯಾದರು. ನ್ಯಾಯಾಲಯ ಸಂಘವನ್ನು ನ್ಯಾಯಾಂಗ ನಿಂದನೆಯ ತಪ್ಪಿತಸ್ಥ ಸ್ಥಾನದಲ್ಲಿ ನಿಲ್ಲಿಸಿ 5 ಲಕ್ಷ ಡಾಲರ್ ದಂಡ ಹಾಕಿತು. ಮುಷ್ಕರನಿರತರಿಗೆ ಸಂಘದ ನಿಧಿಯಿಂದ ಭತ್ಯೆ ಕೊಡದಂತೆ ತಡೆಯಿತು. ಆದರೂ ಎರಡು ವಾರ ಪಾಠ ನಡೆಯಲಿಲ್ಲ. ಕೊನೆಗೆ ವಿನ್ಸ್ ರೆಡಿ ಎಂಬ ಅನುಭವಿ ಮಧ್ಯಸ್ಥಗಾರರ ಶಿಫಾರಸುಗಳನ್ನು ಒಪ್ಪಿ ಶಿಕ್ಷಕರು ಶಾಲೆಗೆ ಮರಳಿದರು. ಮರುವರ್ಷ ಸರ್ಕಾರ ತರಗತಿಯ ಗಾತ್ರಕ್ಕೆ ಕಾನೂನಿನಲ್ಲೇ ಮಿತಿಗಳನ್ನು ಸೇರಿಸಿತು. ಆದರೆ ಆ ಮಿತಿಗಳನ್ನು ಸಮಾಲೋಚನೆಯ ಹೆಸರಿನಲ್ಲಿ ದಾಟಬಹುದಾಗಿತ್ತು, ಸಾವಿರಾರು ತರಗತಿಗಳು ದಾಟಿದವು ಕೂಡ.

ಬೀದಿಯ ಜಗಳಕ್ಕೆ ಸಮಾನಾಂತರವಾಗಿ ಕೋರ್ಟಿನ ಜಗಳ ಸಾಗಿತ್ತು. ಕೆನಡಾದ ಹಕ್ಕುಗಳ ಸನ್ನದು 1982ರಲ್ಲಿ ಸಂವಿಧಾನದ ಭಾಗವಾಯಿತು. ಅದರ 2(ಡಿ) ವಿಧಿ ಸಂಘ ಕಟ್ಟುವ ಸ್ವಾತಂತ್ರ್ಯವನ್ನು ಕೊಡುತ್ತದೆ. ಸಂಘ ಕಟ್ಟುವ ಸ್ವಾತಂತ್ರ್ಯದಲ್ಲಿ ಚೌಕಾಸಿ ಮಾಡುವ ಹಕ್ಕೂ ಸೇರಿದೆಯೆ? ಇಲ್ಲ ಎಂದು 1987ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಹೇಳಿತ್ತು. ಇಪ್ಪತ್ತು ವರ್ಷದ ಮೇಲೆ, 2007ರ ಜೂನ್‌ನಲ್ಲಿ, ಅದೇ ಕೋರ್ಟ್ ತನ್ನ ನಿಲುವನ್ನು ತಿದ್ದಿಕೊಂಡಿತು. ಆ ಪ್ರಕರಣವೂ ಬ್ರಿಟಿಷ್ ಕೊಲಂಬಿಯಾದ್ದೇ: 2002ರ ಅದೇ ವಾರಾಂತ್ಯದಲ್ಲಿ ಆಸ್ಪತ್ರೆ ನೌಕರರ ಕರಾರುಗಳನ್ನು ಅಳಿಸಿದ 29ನೆಯ ಮಸೂದೆಯ ವಿರುದ್ಧ ಹೂಡಿದ್ದು. ಇಂಥದೇ ಫಲ ಸಿಗಬೇಕೆಂಬ ಹಕ್ಕು ನೌಕರರಿಗಿಲ್ಲ, ಆದರೆ ಪ್ರಾಮಾಣಿಕವಾದ ಮಾತುಕತೆಯ ಪ್ರಕ್ರಿಯೆ ಸಂವಿಧಾನದ ರಕ್ಷಣೆಯಲ್ಲಿದೆ ಎಂದು ಕೋರ್ಟ್ ತೀರ್ಪಿತ್ತಿತು.

ಇದೇ ಪ್ರಶ್ನೆಯ ಮುಂದೆ ಭಾರತದ ಸುಪ್ರೀಂ ಕೋರ್ಟ್ ಇನ್ನೂ ಮೊದಲೇ ನಿಂತಿತ್ತು. ಅಖಿಲ ಭಾರತ ಬ್ಯಾಂಕ್ ನೌಕರರ ಸಂಘದ ಪ್ರಕರಣದಲ್ಲಿ, 1961ರಲ್ಲಿ, ಸಂವಿಧಾನದ 19(1)(ಸಿ) ವಿಧಿ ಸಂಘ ಕಟ್ಟಲು ಹಕ್ಕು ಕೊಡುತ್ತದೆಯೇ ಹೊರತು ಪರಿಣಾಮಕಾರಿ ಚೌಕಾಸಿಗಾಗಲಿ ಮುಷ್ಕರಕ್ಕಾಗಲಿ ಅಲ್ಲ ಎಂದು ಅದು ಹೇಳಿತು. ಬೆಂಗಳೂರು ಜಲಮಂಡಳಿಯ ಪ್ರಸಿದ್ಧ ಪ್ರಕರಣದಲ್ಲಿ, 1978ರಲ್ಲಿ, ಶಿಕ್ಷಣ ಸಂಸ್ಥೆಗಳೂ ‘ಉದ್ದಿಮೆ’ ಎಂದು ಕೋರ್ಟ್ ಒಪ್ಪಿತಾದರೂ, 1988ರ ಸುಂದರಾಂಬಾಳ್ ಪ್ರಕರಣದಲ್ಲಿ ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ‘ಕಾರ್ಮಿಕ’ರಲ್ಲ ಎಂದಿತು. 2003ರಲ್ಲಿ ತಮಿಳುನಾಡು ಸರ್ಕಾರ ಮುಷ್ಕರ ಹೂಡಿದ ನೌಕರರನ್ನೂ ಶಿಕ್ಷಕರನ್ನೂ ಲಕ್ಷಗಟ್ಟಲೆ ವಜಾ ಮಾಡಿದಾಗ, ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕೇ ಇಲ್ಲವೆಂಬ ತೀರ್ಪು ಬಂತು. ಹೀಗಾಗಿ ಕರ್ನಾಟಕದ ಸರ್ಕಾರಿ ಶಾಲೆಯ ಮೇಷ್ಟರ ಸಂಬಳ ನಿಗದಿಯಾಗುವುದು ಕರಾರಿನಿಂದಲ್ಲ, ವೇತನ ಆಯೋಗದಿಂದ. ಆಯೋಗ ಸಂಘಗಳ ಅಹವಾಲನ್ನು ಕೇಳುತ್ತದೆ, ಆದರೆ ಅವುಗಳ ಜೊತೆ ಕರಾರು ಮಾಡಿಕೊಳ್ಳುವುದಿಲ್ಲ; ಅದರ ವರದಿಯನ್ನು ಯಾವಾಗ, ಎಷ್ಟರ ಮಟ್ಟಿಗೆ ಜಾರಿ ಮಾಡಬೇಕೆಂಬುದು ಸರ್ಕಾರದ ಇಚ್ಛೆ. ಆದರೂ 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಕೆಲಸ ನಿಲ್ಲಿಸಿದ ದಿನವೇ ಶೇ. 17ರ ಮಧ್ಯಂತರ ಪರಿಹಾರ ಘೋಷಣೆಯಾಯಿತು. ಕಾನೂನು ಬಾಗಿಲು ಮುಚ್ಚಿದಲ್ಲಿಯೂ ಚೌಕಾಸಿ ನಡೆಯುತ್ತದೆ; ಅದಕ್ಕೆ ನಿಯಮವಿರುವುದಿಲ್ಲ, ಅಷ್ಟೆ.

ಬ್ರಿಟಿಷ್ ಕೊಲಂಬಿಯಾದ ಶಿಕ್ಷಕರ ಪಾಲಿಗೆ 2007ರ ತೀರ್ಪು ದಾರಿ ತೆರೆಯಿತು. 2011ರ ಏಪ್ರಿಲ್‌ನಲ್ಲಿ ಪ್ರಾಂತ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸೂಸನ್ ಗ್ರಿಫಿನ್ 2002ರ ಕಾನೂನುಗಳ ಮುಖ್ಯ ಭಾಗಗಳು ಸಂವಿಧಾನಬಾಹಿರವೆಂದು ಸಾರಿ, ಸರಿಪಡಿಸಲು ಸರ್ಕಾರಕ್ಕೆ ಒಂದು ವರ್ಷ ಕೊಟ್ಟರು. ಸರ್ಕಾರ ಮೇಲ್ಮನವಿಗೂ ಹೋಗಲಿಲ್ಲ, ಕಲಮುಗಳನ್ನು ಮರಳಿಸಲೂ ಇಲ್ಲ. ಆಗ ಕ್ರಿಸ್ಟಿ ಕ್ಲಾರ್ಕ್ ಅವರೇ ಮುಖ್ಯಸ್ಥೆ. 2012ರ ಮಾರ್ಚ್‌ನಲ್ಲಿ ಶಿಕ್ಷಕರು ಮೂರು ದಿನ ಮುಷ್ಕರ ನಡೆಸಿದ ಬೆನ್ನಲ್ಲೇ 22ನೆಯ ಮಸೂದೆ ಬಂತು. ರದ್ದಾದ ಕಲಮುಗಳನ್ನು ಅದು ಹೊಸ ಮಾತುಗಳಲ್ಲಿ ಮತ್ತೆ ರದ್ದು ಮಾಡಿತು. ಮುಷ್ಕರ ಮುಂದುವರಿಸುವ ಪ್ರತಿ ಶಿಕ್ಷಕರಿಗೆ ದಿನಕ್ಕೆ 475 ಡಾಲರ್ ದಂಡವನ್ನೂ ಗೊತ್ತುಮಾಡಿತು.

2014ರ ಜನವರಿಯಲ್ಲಿ ಗ್ರಿಫಿನ್ ಈ ಕಾನೂನನ್ನೂ ಸಂವಿಧಾನಬಾಹಿರವೆಂದರು. ಸಂಘಕ್ಕೆ 20 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದರು. ತೀರ್ಪಿನಲ್ಲಿ ಅವರು ಕಂಡುಕೊಂಡ ಒಂದು ಸಂಗತಿ ಪ್ರಾಂತ್ಯವನ್ನೇ ಬೆಚ್ಚಿಬೀಳಿಸಿತು: ಸರ್ಕಾರದ ಪ್ರತಿನಿಧಿಗಳು ಒಪ್ಪಂದಕ್ಕಾಗಿ ಮಾತಾಡುತ್ತಿರಲಿಲ್ಲ, ಒತ್ತಡ ಹಾಕಿ ಸಂಘವನ್ನು ಮುಷ್ಕರಕ್ಕೆ ಕೆಣಕುವುದೇ ಅವರ ತಂತ್ರವಾಗಿತ್ತು, ಮುಷ್ಕರವಾದರೆ ಜನ ಬೇಸತ್ತು ಕಾನೂನು ಹೇರಲು ಬೆಂಬಲ ಕೊಡುತ್ತಾರೆಂಬುದು ಅದರ ಹಿಂದಿನ ಲೆಕ್ಕಾಚಾರ. ಮೇಲ್ಮನವಿಯಲ್ಲಿ ಬಹುಮತ ಇದನ್ನು ಒಪ್ಪಲಿಲ್ಲವೆಂಬುದನ್ನೂ ಹೇಳಬೇಕು. ಆದರೆ ಮಾಲೀಕನ ಕೈಯಲ್ಲಿ ಮಸೂದೆ ಇದ್ದಾಗ ಇಂಥ ಆಸೆ ಹುಟ್ಟುವುದು ಯಾರೊಬ್ಬರ ಕೆಟ್ಟತನದ ಪ್ರಶ್ನೆಯಲ್ಲ. ಮಾತುಕತೆ ಮುರಿದರೆ ನಷ್ಟವಾಗುವುದು ಒಂದೇ ಕಡೆಗೆ ಎಂದಾದರೆ, ಇನ್ನೊಂದು ಕಡೆಯವರು ಮುರಿಯದೆ ಉಳಿಸಲು ಶ್ರಮಪಡಬೇಕಾದ ಕಾರಣವಾದರೂ ಏನು?

ಅದೇ ವರ್ಷದ ಮುಷ್ಕರ ಪ್ರಾಂತ್ಯದ ಶಿಕ್ಷಕರ ಇತಿಹಾಸದಲ್ಲೇ ಕಠಿಣವಾದದ್ದು. ಮೇ ತಿಂಗಳಲ್ಲಿ ಜಿಲ್ಲೆಯಿಂದ ಜಿಲ್ಲೆಗೆ ಸರದಿಯ ಮುಷ್ಕರ, ಅದಕ್ಕೆ ಪ್ರತಿಯಾಗಿ ಮಾಲೀಕರಿಂದ ಭಾಗಶಃ ಲಾಕೌಟ್ ಮತ್ತು ಶೇ. 10ರ ಸಂಬಳ ಕಡಿತ, ಜೂನ್ 17ರಿಂದ ಪೂರ್ಣ ಮುಷ್ಕರ. ಬೇಸಿಗೆ ರಜೆ ಮುಗಿದು ಸೆಪ್ಟೆಂಬರ್ ಬಂದರೂ ಶಾಲೆ ತೆರೆಯಲಿಲ್ಲ. ಸಂಬಳದಲ್ಲಿ ಉಳಿದ ಹಣದಿಂದ ಸರ್ಕಾರ 13 ವರ್ಷದೊಳಗಿನ ಪ್ರತಿ ಮಗುವಿನ ಪೋಷಕರಿಗೆ ದಿನಕ್ಕೆ 40 ಡಾಲರ್ ಕೊಟ್ಟಿತು. ಸೆಪ್ಟೆಂಬರ್ ಮಧ್ಯದಲ್ಲಿ ಮತ್ತೆ ವಿನ್ಸ್ ರೆಡಿ ಅವರ ನೆರವಿನಿಂದಲೇ ಒಪ್ಪಂದವಾಯಿತು: ಆರು ವರ್ಷಕ್ಕೆ ಶೇ. 7.25 ಏರಿಕೆ. ಸುಮಾರು ಐದು ವಾರದ ಸಂಬಳ ಕಳೆದುಕೊಂಡವರಿಗೆ ಇದು ಸಣ್ಣ ಗಳಿಕೆ. ಆದರೆ ಕೋರ್ಟಿನ ಪ್ರಕರಣವನ್ನು ಕೈಬಿಡಲು ಸಂಘ ಒಪ್ಪಲಿಲ್ಲ, ಇಡೀ ಮುಷ್ಕರದಲ್ಲಿ ಉಳಿಸಿಕೊಂಡ ದೊಡ್ಡ ಆಸ್ತಿ ಅದೇ.

2015ರ ಏಪ್ರಿಲ್‌ನಲ್ಲಿ ಪ್ರಾಂತ್ಯದ ಮೇಲ್ಮನವಿ ನ್ಯಾಯಾಲಯ ನಾಲ್ಕು-ಒಂದರ ಬಹುಮತದಿಂದ ಸರ್ಕಾರದ ಪರ ತೀರ್ಪಿತ್ತಿತು. ಕಾನೂನು ತರುವ ಮುಂಚೆ ಸರ್ಕಾರ ಸಂಘದ ಜೊತೆ ಸಮಾಲೋಚಿಸಿದೆ, ಅಷ್ಟು ಸಾಕು ಎಂದಿತು ಬಹುಮತ. ನ್ಯಾಯಮೂರ್ತಿ ಇಯಾನ್ ಡೊನಾಲ್ಡ್ ಒಬ್ಬರೇ ಭಿನ್ನಮತ ಬರೆದರು: ಹಾಗೆ ಕರೆದು ಮಾತಾಡಿದ್ದು ಪ್ರಾಮಾಣಿಕವಾಗಿರಬೇಕು, ತೀರ್ಮಾನ ಮಾಡಿಕೊಂಡೇ ಕೂತವನ ಜೊತೆಗಿನ ಮಾತು ಮಾತುಕತೆಯಲ್ಲ ಎಂಬುದು ಅದರ ಸಾರ. 2016ರ ನವೆಂಬರ್ 10ರಂದು ಒಟ್ಟಾವಾದಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ವಾದ ಕೇಳಿತು. ತೀರ್ಪನ್ನು ತಿಂಗಳುಗಟ್ಟಲೆ ಕಾದಿರಿಸುವುದು ವಾಡಿಕೆಯಾದ ಆ ಕೋರ್ಟ್, ಅರ್ಧ ಗಂಟೆಯೊಳಗೆ ಪೀಠಕ್ಕೆ ಮರಳಿ, ಏಳು-ಎರಡರ ಬಹುಮತದಿಂದ, ಡೊನಾಲ್ಡ್ ಅವರ ಕಾರಣಗಳನ್ನೇ ಒಪ್ಪಿ ಶಿಕ್ಷಕರ ಪರ ತೀರ್ಪು ಕೊಟ್ಟಿತು.

2017ರ ಮಾರ್ಚ್‌ನಲ್ಲಿ ಅಳಿಸಿದ ಕಲಮುಗಳು ಕರಾರಿಗೆ ಮರಳಿದವು. ಅವುಗಳನ್ನು ಪಾಲಿಸಲು ವರ್ಷಕ್ಕೆ ಸುಮಾರು 33 ಕೋಟಿ ಡಾಲರ್ ಮತ್ತು 2,600ರಷ್ಟು ಶಿಕ್ಷಕರು ಬೇಕೆಂಬ ಅಂದಾಜನ್ನು ಸರ್ಕಾರವೇ ಒಪ್ಪಿತು. ಆ ಒಂದು ವಾರಾಂತ್ಯದ ಶಾಸನ ಎಷ್ಟು ಹುದ್ದೆಗಳನ್ನು ತರಗತಿಗಳಿಂದ ದೂರವಿಟ್ಟಿತ್ತು ಎಂಬುದಕ್ಕೆ ಈ ಅಂಕಿಗಿಂತ ಬೇರೆ ಸಾಕ್ಷಿ ಬೇಡ. 2001ರ ಸೆಪ್ಟೆಂಬರ್‌ನಲ್ಲಿ ಶಿಶುವಿಹಾರಕ್ಕೆ ಸೇರಿದ ಮಗು 2014ರ ಜೂನ್‌ನಲ್ಲಿ ಹನ್ನೆರಡನೆಯ ತರಗತಿ ಮುಗಿಸಿತ್ತು, ಕೊನೆಯ ದಿನಗಳು ಮುಷ್ಕರದಲ್ಲೇ ಕಳೆದವು. ಅಂಥ ಮಗುವಿಗೆ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಏನೂ ಬರಲಿಲ್ಲ. ಸಂಬಳದ ಬಾಕಿಯನ್ನು ಬಡ್ಡಿ ಸೇರಿಸಿ ಕೊಡಬಹುದು; ಓದಲು ತಡವರಿಸುತ್ತಿದ್ದ ಏಳು ವರ್ಷದ ಮಗುವಿಗೆ ಸಿಗದೆ ಹೋದ ನೆರವನ್ನು ಅದಕ್ಕೆ ಇಪ್ಪತ್ತಾದಾಗ ಕೊಡಲು ಬರುವುದಿಲ್ಲ. ನ್ಯಾಯಾಲಯದ ದಾರಿಯ ಅತಿ ದೊಡ್ಡ ಕೊರತೆ ಇದು. ಚೌಕಾಸಿಯ ಹಕ್ಕನ್ನು ಮುರಿದ ಮೇಲೆ ಸರಿಪಡಿಸುವುದಕ್ಕಿಂತ ಮುರಿಯದಂತೆ ಮೊದಲೇ ತಡೆಯುವುದಕ್ಕೆ ಅಷ್ಟು ತೂಕ ಬರುವುದೂ ಈ ಕಾರಣಕ್ಕೆ.

ಗೆಲುವಿನ ಒಳಗೂ ತೊಡಕುಗಳಿದ್ದವು. ಮರಳಿ ಬಂದ ಕಲಮುಗಳು ತೊಂಬತ್ತರ ದಶಕದ ಆರಂಭದಲ್ಲಿ ಜಿಲ್ಲೆ ಜಿಲ್ಲೆಯಲ್ಲಿ ಬೇರೆ ಬೇರೆಯಾಗಿ ಬರೆದಂಥವು. ಒಂದು ಜಿಲ್ಲೆಯಲ್ಲಿ ಸಂಯೋಜನೆಗೆ ಬಿಗಿಯಾದ ಮಿತಿಯಿತ್ತು, ಪಕ್ಕದ ಜಿಲ್ಲೆಯಲ್ಲಿ ಆ ಮಾತೇ ಇರಲಿಲ್ಲ. ನಡುವೆ ಅವನ್ನು ಕಾಲಕ್ಕೆ ತಕ್ಕಂತೆ ತಿದ್ದಲು ಅವಕಾಶವಿಲ್ಲದೆ ಅವು ಹಳೆಯ ರೂಪದಲ್ಲೇ ಉಳಿದಿದ್ದವು. ಒಮ್ಮೆಲೇ ಸಾವಿರಾರು ಹುದ್ದೆ ತುಂಬಬೇಕಾದಾಗ ಶಿಕ್ಷಕರ ಕೊರತೆ ಕಾಡಿತು, ದೂರದ ಉತ್ತರದ ಜಿಲ್ಲೆಗಳಲ್ಲಿ ಹೆಚ್ಚಾಗಿ.

ಸಂವಿಧಾನದ ರಕ್ಷಣೆಗೂ ಒಂದು ಎಲ್ಲೆಯಿದೆ. ಕೆನಡಾದ ಸನ್ನದಿನ 33ನೆಯ ವಿಧಿಯ ಪ್ರಕಾರ, ಕೆಲವು ಮೂಲಭೂತ ಹಕ್ಕುಗಳಿಗೆ ವಿರುದ್ಧವಾಗಿದ್ದರೂ ಈ ಕಾನೂನು ಜಾರಿಯಲ್ಲಿರುತ್ತದೆ ಎಂದು ಶಾಸನಸಭೆ ನೇರವಾಗಿ ಘೋಷಿಸಬಹುದು. ಅಂಥ ಘೋಷಣೆ ಒಮ್ಮೆಗೆ ಐದು ವರ್ಷ ಬಾಳುತ್ತದೆ. 2022ರಲ್ಲಿ ಒಂಟಾರಿಯೊ ಪ್ರಾಂತ್ಯ ಶಾಲೆಗಳ ಸಹಾಯಕ ಸಿಬ್ಬಂದಿಯ ಮೇಲೆ ಇದನ್ನು ಬಳಸಿ, ಪ್ರತಿಭಟನೆ ಹಬ್ಬಿದಾಗ ಹಿಂತೆಗೆದುಕೊಂಡಿತು. ಬ್ರಿಟಿಷ್ ಕೊಲಂಬಿಯಾದ ಪಕ್ಕದ ಆಲ್ಬರ್ಟಾ ಪ್ರಾಂತ್ಯದಲ್ಲಿ 2025ರ ಅಕ್ಟೋಬರ್ 6ರಂದು ಸುಮಾರು 51,000 ಶಿಕ್ಷಕರು ಮುಷ್ಕರ ಹೂಡಿದರು. ಅವರ ಮುಖ್ಯ ದೂರು ಸಂಬಳವೊಂದೇ ಅಲ್ಲ, ತುಂಬಿ ತುಳುಕುವ ತರಗತಿಗಳು ಮತ್ತು ಅವುಗಳಲ್ಲಿ ಹೆಚ್ಚುತ್ತಿರುವ ವಿಶೇಷ ಅಗತ್ಯಗಳು. ಅದೇ ತಿಂಗಳ 28ರ ನಸುಕಿನಲ್ಲಿ ಅಲ್ಲಿನ ಶಾಸನಸಭೆ ಚರ್ಚೆಯನ್ನು ಮೊಟಕುಗೊಳಿಸಿ 2ನೆಯ ಮಸೂದೆಯನ್ನು ಅಂಗೀಕರಿಸಿತು. ಶಿಕ್ಷಕರು ಭಾರಿ ಬಹುಮತದಿಂದ ತಿರಸ್ಕರಿಸಿದ್ದ, ನಾಲ್ಕು ವರ್ಷಕ್ಕೆ ಶೇ. 12ರ ಏರಿಕೆಯ ಕರಾರನ್ನೇ ಅದು ಅವರ ಮೇಲೆ ಹೇರಿತು. ಅದಕ್ಕೆ 33ನೆಯ ವಿಧಿಯ ಕವಚವನ್ನೂ ತೊಡಿಸಲಾಯಿತು. ಮರುದಿನ ಶಿಕ್ಷಕರು ತರಗತಿಗಳಿಗೆ ಮರಳಿದರು. ಆ ಕರಾರಿನ ಅವಧಿ 2028ರ ಆಗಸ್ಟ್ 31ರವರೆಗೆ.